ಡಿಜೆ ಕನ್ಸೋಲ್: ದುಬೈನಿಂದ ತರಿಸುವುದೋ, ಹೈದರಾಬಾದಿನ ಕೋಠಿಯಲ್ಲಿ ಕೊಳ್ಳುವುದೋ?

ಲಗ್ನ, ಜಾತ್ರೆ, ಉರುಸಿನ ಸೀಸನ್‌ಗೆ ಬೇಕಾದ ಬೇಸ್ ಬಾಕ್ಸ್, ಟಾಪ್ (ಅದರ ಮೇಲಿಡುವ ಸ್ಪೀಕರ್), ಆಂಪ್ಲಿಫೈಯರ್, ಜನರೇಟರ್ ಎಲ್ಲವೂ ಬಾಡಿಗೆಗೆ ಸಿಗುತ್ತವೆ. ಮಿಕ್ಸಿಂಗ್ ಕಲಿಯಬೇಕೆನ್ನುವವರು ಮೊದಲ ದುಡ್ಡನ್ನು ಅವುಗಳ ಮೇಲೆ ಸುರಿಯಬೇಡಿ. ಸ್ವಂತಕ್ಕೆ ಇರಬೇಕಾದವು ಮೂರೇ: ಕನ್ಸೋಲ್ (ಲ್ಯಾಪ್‌ಟಾಪ್‌ನ ಹಾಡುಗಳನ್ನು ಬೆರೆಸುವ ನಾಬ್, ಸ್ಲೈಡರ್‌ಗಳ ಹಲಗೆ), ಲ್ಯಾಪ್‌ಟಾಪ್, ಕಿವಿ ಪೂರ್ತಿ ಮುಚ್ಚುವ ತಂತಿಯ ಹೆಡ್‌ಫೋನ್. ಬ್ಲೂಟೂತ್ ಹೆಡ್‌ಫೋನ್ ಬೇಡ. ಅದರಲ್ಲಿ ಸದ್ದು ತಡವಾಗಿ ಬರುವುದರಿಂದ ಬೀಟ್ ಕೂಡುವುದಿಲ್ಲ.

ಮೊದಲು ಮಾದರಿ ಗೊತ್ತುಮಾಡಿ

ಕಲಿಕೆಗೆ ಎರಡು ಚಾನೆಲ್‌ನ, ಅಂದರೆ ಒಮ್ಮೆಗೆ ಎರಡು ಹಾಡು ಬೆರೆಸುವ, ಯುಎಸ್‌ಬಿ ಕನ್ಸೋಲ್ ಸಾಕು. ಪಯೋನಿಯರ್ ಡಿಡಿಜೆ-ಎಫ್‌ಎಲ್‌ಎಕ್ಸ್4, ಅದಕ್ಕೂ ಹಿಂದಿನ ಡಿಡಿಜೆ-400, ನ್ಯೂಮಾರ್ಕ್ ಮಿಕ್ಸ್‌ಟ್ರ್ಯಾಕ್, ಹರ್ಕ್ಯುಲಿಸ್ ಇನ್‌ಪಲ್ಸ್ ಈ ಸಾಲಿನವು. ಎಫ್‌ಎಲ್‌ಎಕ್ಸ್4 ಅನ್ನು ಜೋಡಿಸಿದರೆ ಡಿಜೆ ತಂತ್ರಾಂಶವಾದ ರೆಕಾರ್ಡ್‌ಬಾಕ್ಸ್‌ನ ಮಿಕ್ಸಿಂಗ್ ಭಾಗ ಹೆಚ್ಚುವರಿ ಹಣವಿಲ್ಲದೆ ತೆರೆಯುತ್ತದೆ. ಸೆರಾಟೊ ಡಿಜೆ ಲೈಟ್ ಎಂಬ ತಂತ್ರಾಂಶವೂ ನಡೆಯುತ್ತದೆ. ಹಳೆಯ ಮಾದರಿ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗುವ ಮುನ್ನ ನಿಮ್ಮ ವಿಂಡೋಸ್ ಅಥವಾ ಮ್ಯಾಕ್‌ಗೆ ಅದರ ಡ್ರೈವರ್ (ಕನ್ಸೋಲನ್ನು ಲ್ಯಾಪ್‌ಟಾಪ್‌ಗೆ ಹೊಂದಿಸುವ ತಂತ್ರಾಂಶ) ಇದೆಯೇ ಎಂದು ಕಂಪನಿಯ ಜಾಲತಾಣದಲ್ಲಿ ನೋಡಿ. ಡ್ರೈವರ್ ನಿಂತುಹೋದ ಕನ್ಸೋಲ್‌ಗೆ ಕೆಲವೊಮ್ಮೆ ಉಚಿತ ತಂತ್ರಾಂಶ ಮಿಕ್ಸ್ (ಕೊನೆಯಲ್ಲಿ ಮೂರು ‘ಎಕ್ಸ್’ ಇರುವುದು) ಆಸರೆಯಾಗುತ್ತದೆ, ಆದರೆ ಅದನ್ನೇ ನೆಚ್ಚಿ ಕೊಳ್ಳುವುದು ಜಾಣತನವಲ್ಲ.

ವಿದೇಶದ ಬೆಲೆಯ ಲೆಕ್ಕ

ಬೀದರ್, ಕಲಬುರಗಿಯ ಅನೇಕ ಮನೆಗಳವರು ಕೊಲ್ಲಿ ದೇಶಗಳಲ್ಲಿ ದುಡಿಯುತ್ತಾರೆ. ಊರಿಗೆ ಬರುವ ಅಣ್ಣನಿಗೋ ಮಾವನಿಗೋ ‘ಒಂದು ಕನ್ಸೋಲ್ ತನ್ನಿ’ ಎನ್ನುವುದು ಸುಲಭ, ಲೆಕ್ಕ ಹಾಕುವುದು ಕಷ್ಟ. ಅಲ್ಲಿನ ಅಂಗಡಿ ಬೆಲೆಗೆ ವ್ಯಾಟ್ (ಮಾರಾಟ ತೆರಿಗೆ) ಸೇರಿಸಿ: ಯುಎಇಯಲ್ಲಿ ಶೇ 5, ಸೌದಿಯಲ್ಲಿ ಶೇ 15. ಯುಎಇಯಲ್ಲಿ ವ್ಯಾಟ್ ಮರಳಿ ಪಡೆಯುವ ಸೌಲಭ್ಯ ಪ್ರವಾಸಿಗರಿಗೆ ಮಾತ್ರ, ಅಲ್ಲಿನ ನಿವಾಸಿಗಳಿಗಲ್ಲ.

ಮುಂದಿನದು ನಮ್ಮ ಕಸ್ಟಮ್ಸ್. ಪ್ರಯಾಣಿಕರ ಸುಂಕರಹಿತ ಮಿತಿ 2016ರ ಬ್ಯಾಗೇಜ್ ನಿಯಮದಲ್ಲಿ 50,000 ರೂ. ಇತ್ತು. ಇದು ಪರಿಷ್ಕರಣೆಯಾಗುತ್ತದೆ, ಹಾಗಾಗಿ ಟಿಕೆಟ್ ಮಾಡಿಸುವಾಗಲೇ ಕಸ್ಟಮ್ಸ್ ಜಾಲತಾಣದಲ್ಲಿ ಈಗಿನ ಮೊತ್ತ ನೋಡಿಕೊಳ್ಳಿ. ಸುಂಕ ಬೀಳುವುದು ಮಿತಿ ದಾಟಿದ ಮೌಲ್ಯಕ್ಕೆ ಮಾತ್ರ. ಜೊತೆಗೆ ಬಂದ ಇಬ್ಬರ ಮಿತಿಯನ್ನು ಕೂಡಿಸಿ ಒಂದೇ ವಸ್ತುವಿಗೆ ತೋರಿಸಲಾಗದು. ಚಾಕೊಲೇಟ್, ಸೆಂಟ್, ಹೊಸ ಬಟ್ಟೆಯೂ ಇದೇ ಮಿತಿಯೊಳಗೆ ಬರುತ್ತವೆ ಎಂಬುದನ್ನು ಹಲವರು ಮರೆಯುತ್ತಾರೆ. ಬಿಲ್ ಕೈಯಲ್ಲಿರಲಿ, ಇಲ್ಲದಿದ್ದರೆ ಹೈದರಾಬಾದಿನ ಶಂಷಾಬಾದ್ ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಕಟ್ಟಿದ ಬೆಲೆಯೇ ಬೆಲೆ. ಕೊರಿಯರ್‌ನಲ್ಲಿ ಕಳಿಸಿದರೆ ಈ ಮಿತಿಯೇ ಇಲ್ಲ, ‘ಗಿಫ್ಟ್’ ಎಂದು ಬರೆಸಿದರೂ ಸುಂಕ ತಪ್ಪದು.

ವಾರಂಟಿ ಬಹುತೇಕ ಕೊಂಡ ದೇಶಕ್ಕೇ ಸೀಮಿತ. ಆದ್ದರಿಂದ ಎಲ್ಲ ಸೇರಿಸಿದ ಮೇಲೂ ಇಲ್ಲಿನ ಬಿಲ್ ಬೆಲೆಗಿಂತ ಶೇ 20ರಷ್ಟಾದರೂ ಉಳಿಯದಿದ್ದರೆ ಹೊರಗಿನಿಂದ ತರಿಸುವುದರಲ್ಲಿ ಅರ್ಥವಿಲ್ಲ ಎಂಬುದು ನಮ್ಮ ಅಂದಾಜು.

ಪವರ್ಡ್ ಸ್ಪೀಕರ್ (ಒಳಗೇ ಆಂಪ್ಲಿಫೈಯರ್ ಇರುವುದು) ಮತ್ತು ಆಂಪ್ಲಿಫೈಯರ್ ಮಾತ್ರ ವಿದೇಶದಿಂದ ಬೇಡವೇ ಬೇಡ. ಭಾರ ಒಂದು ಕಾರಣ, ಕರೆಂಟ್ ಇನ್ನೊಂದು. ಅಮೆರಿಕದ ಸರಕು 120 ವೋಲ್ಟ್‌ನದು. ನಮ್ಮ 230ಕ್ಕೆ ಹಾಕಿದ ಕ್ಷಣವೇ ಸುಡಬಹುದು. ಸೌದಿಯಲ್ಲಿ 60 ಹರ್ಟ್ಸ್, ನಮ್ಮಲ್ಲಿ 50. 60ಕ್ಕೆಂದೇ ಮಾಡಿದ ಟ್ರಾನ್ಸ್‌ಫಾರ್ಮರ್ ಇಲ್ಲಿ ಹೆಚ್ಚು ಬಿಸಿಯಾಗುತ್ತದೆ. ಹಿಂಬದಿಯಲ್ಲಿ ‘100–240 ವೋಲ್ಟ್, 50/60 ಹರ್ಟ್ಸ್’ ಎಂದಿದ್ದರೆ ಮಾತ್ರ ತೊಂದರೆಯಿಲ್ಲ. ಯುಎಸ್‌ಬಿಯಿಂದಲೇ ಓಡುವ ಕನ್ಸೋಲ್‌ಗೆ ಈ ಗೋಜಿಲ್ಲ. ಕನ್ಸೋಲ್ ತರುವಾಗ ನಾಬ್, ಫೇಡರ್‌ಗಳ (ಸದ್ದು ಏರಿಳಿಸುವ ಸ್ಲೈಡರ್‌ಗಳ) ಮೇಲೆ ದಪ್ಪ ರಟ್ಟು ಕಟ್ಟಿ, ಸೂಟ್‌ಕೇಸಿನ ನಡುವೆ ಬಟ್ಟೆಗಳಲ್ಲಿ ಸುತ್ತಿಡಿಸಿ.

ಸೆಕೆಂಡ್ ಹ್ಯಾಂಡ್ ಪರೀಕ್ಷೆ

ಹೈದರಾಬಾದಿನ ಕೋಠಿಯ ಗುಜರಾತಿ ಗಲ್ಲಿ, ಬೆಂಗಳೂರಿನ ಎಸ್.ಪಿ. ರಸ್ತೆಗಳಲ್ಲಿ ಸುತ್ತಾಡಬಹುದು. ಸೀಸನ್ ಮುಗಿದ ಮೇಲೆ ನಮ್ಮ ಊರಿನ ಸೌಂಡ್ ಸರ್ವೀಸ್‌ನವರೂ ಮಾರುವುದುಂಟು. ಲ್ಯಾಪ್‌ಟಾಪ್, ಹೆಡ್‌ಫೋನ್ ನೀವೇ ಒಯ್ಯಿರಿ. ಡೇಟಾ ಹಾಯಿಸುವ ಯುಎಸ್‌ಬಿ ಕೇಬಲ್ಲೂ ಇರಲಿ: ಬರೀ ಚಾರ್ಜಿಂಗ್ ಕೇಬಲ್ ಹಾಕಿದರೆ ದೀಪ ಹತ್ತುತ್ತದೆ, ಲ್ಯಾಪ್‌ಟಾಪ್ ಮಾತ್ರ ಕನ್ಸೋಲನ್ನು ಗುರುತಿಸುವುದಿಲ್ಲ.

ಎರಡೂ ಡೆಕ್‌ನಲ್ಲಿ (ಕನ್ಸೋಲಿನ ಎಡ, ಬಲ ಬದಿ) ಹಾಡು ಹಾಕಿ, ಚಾನೆಲ್ ಫೇಡರ್‌ಗಳನ್ನು ಪೂರ್ತಿ ಕೆಳಗಿಳಿಸಿ. ಸಣ್ಣಗೆ ಕೇಳಿಸಿದರೂ ಫೇಡರ್ ಸವೆದಿದೆ ಎಂದರ್ಥ. ಆಮೇಲೆ ಅವನ್ನು ಮೇಲೇರಿಸಿ, ಒಂದು ಡೆಕ್‌ನಿಂದ ಇನ್ನೊಂದಕ್ಕೆ ಸದ್ದು ಬದಲಿಸುವ ಕ್ರಾಸ್‌ಫೇಡರನ್ನು ಎರಡು ತುದಿಗೂ ಒಯ್ದು, ಆಚೆ ಬದಿಯ ಹಾಡು ಪೂರ್ತಿ ನಿಲ್ಲುತ್ತದೆಯೇ ನೋಡಿ. ಹಾಡಿನ ವೇಗ ಬದಲಿಸುವ ಟೆಂಪೊ ಸ್ಲೈಡರನ್ನು ನಡುವಿಗೆ ತಂದಾಗ ತೆರೆಯಲ್ಲಿ ಸೊನ್ನೆ ಬರಬೇಕು, ಕೈಬಿಟ್ಟ ಮೇಲೆ ಅಂಕಿ ತಾನಾಗಿ ಕುಣಿಯಬಾರದು. ಬೇಸ್, ಟ್ರೆಬಲ್ ಹೊಂದಿಸುವ ಇಕ್ಯು ನಾಬ್ ತಿರುಗಿಸುವಾಗ ಬರುವ ‘ಕರಕರ’ ಹೆಚ್ಚಾಗಿ ಧೂಳಿನದು, ನಮ್ಮ ಕಡೆ ಅದಕ್ಕೆ ಬರವಿಲ್ಲ. ಕಾಂಟ್ಯಾಕ್ಟ್ ಕ್ಲೀನರ್‌ನಿಂದ ಸಾಮಾನ್ಯವಾಗಿ ಹೋಗುತ್ತದೆ. ಯುಎಸ್‌ಬಿ ಪೋರ್ಟ್‌ನಲ್ಲಿ ಕೇಬಲ್ ಅಲುಗಿಸಿದಾಗ ಸಂಪರ್ಕ ತಪ್ಪಿದರೆ ಚೌಕಾಶಿ ಮಾಡದೆ ಎದ್ದುಬನ್ನಿ. ಆ ದೋಷ ರಾತ್ರಿ ಮೆರವಣಿಗೆಯ ನಡುವೆಯೇ ಕಾಣಿಸಿಕೊಳ್ಳುತ್ತದೆ.

ಜೋಡಣೆಯಲ್ಲಿ ಕೈಕೊಡುವುದು

ಕನ್ಸೋಲನ್ನು ಅಗ್ಗದ ಹಬ್‌ಗೆ ಹಾಕದೆ ನೇರ ಲ್ಯಾಪ್‌ಟಾಪ್‌ಗೇ ಹಾಕಿ. ಸದ್ದು ಒಡೆದರೆ ಡಿಜೆ ತಂತ್ರಾಂಶದ ಆಡಿಯೊ ಸೆಟಿಂಗ್‌ನಲ್ಲಿ ಬಫರ್ ಗಾತ್ರವನ್ನು 256ರಿಂದ 512ಕ್ಕೆ ಏರಿಸಿ. ಕನ್ಸೋಲಿನಿಂದ ಹೊರಡುವ ಆರ್‌ಸಿಎ (ಕೆಂಪು-ಬಿಳಿ ಪಿನ್ನಿನ) ಕೇಬಲ್ ಐದಾರು ಮೀಟರ್ ಮೀರಿದರೆ ಗುಂಯ್ ಎನ್ನುವ ಸದ್ದು ಸೇರಿಕೊಳ್ಳುತ್ತದೆ. ದೂರದ ಬಾಕ್ಸ್‌ಗೆ ನಡುವೆ ಡಿಐ ಬಾಕ್ಸ್ (ಸಿಗ್ನಲನ್ನು ಉದ್ದ ಕೇಬಲ್‌ಗೆ ಹೊಂದಿಸುವ ಪುಟ್ಟ ಪೆಟ್ಟಿಗೆ) ಇಟ್ಟು ಎಕ್ಸ್‌ಎಲ್‌ಆರ್ (ಮೈಕಿಗೆ ಹಾಕುವ ಮೂರು ಪಿನ್ನಿನ) ಕೇಬಲ್ ಎಳೆಯಿರಿ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತ ಕೂಡಲೇ ಗುಂಯ್ ನಿಂತರೆ ಅದು ಅರ್ತಿಂಗ್ ಸಮಸ್ಯೆ. ಆಂಪ್ಲಿಫೈಯರ್, ಲ್ಯಾಪ್‌ಟಾಪ್ ಎರಡನ್ನೂ ಒಂದೇ ಬೋರ್ಡಿನಿಂದ ಕೊಡಿ. ಪ್ಲಗ್ಗಿನ ದಪ್ಪ ಪಿನ್ನು ಮುರಿದು ಸದ್ದು ನಿಲ್ಲಿಸುವ ಚಾಳಿ ಕೆಲವರಿಗಿದೆ, ಅದರಿಂದ ಮೈಕ್ ಹಿಡಿದವರಿಗೆ ಶಾಕ್ ಹೊಡೆಯಬಹುದು.