‘ಲೇಡಿ ಇನ್ ಸ್ಯಾಟಿನ್’ ನನಗೆ ಒಲಿದಿದ್ದು ಹೀಗೆ

ಅಮೆರಿಕದ ಜಾಝ್ ಗಾಯಕಿ ಬಿಲ್ಲಿ ಹಾಲಿಡೇ ಅವರ ‘ಲೇಡಿ ಇನ್ ಸ್ಯಾಟಿನ್’ ಆಲ್ಬಮ್ಮನ್ನು ಮೊದಲ ಸಲ ಹಾಕಿದಾಗ ಮೂರನೇ ಹಾಡಿಗೇ ನಿಲ್ಲಿಸಿಬಿಟ್ಟೆ. 1930ರ ದಶಕದಲ್ಲಿ ಅವರು ಪಿಯಾನೋ ವಾದಕ ಟೆಡ್ಡಿ ವಿಲ್ಸನ್ ಅವರ ಚಿಕ್ಕ ತಂಡದ ಜೊತೆ ಹಾಡಿದ ಹಾಡುಗಳು ನನಗೆ ಬಾಯಿಪಾಠ. ಹಗುರವಾದ, ನಗುವ ದನಿ. ಎಷ್ಟೋ ಹಾಡುಗಳಲ್ಲಿ ಪಕ್ಕದಲ್ಲೇ ಲೆಸ್ಟರ್ ಯಂಗ್ ಅವರ ಸ್ಯಾಕ್ಸೋಫೋನ್. ಈ ಆಲ್ಬಮ್ಮಿನಲ್ಲಿ ಗಂಟಲು ಒಡೆದಿದೆ, ಮೇಲಿನ ಸ್ವರಗಳು ಸವೆದಿವೆ. ಸುತ್ತ ದೊಡ್ಡ ಆರ್ಕೆಸ್ಟ್ರಾ, ಹಾರ್ಪ್, ಸಾಲದ್ದಕ್ಕೆ ಹೆಂಗಸರ ಕೋರಸ್ ಬೇರೆ.

ಇದು 1958ರ ಫೆಬ್ರವರಿಯಲ್ಲಿ ರೆಕಾರ್ಡ್ ಆದದ್ದು. ನ್ಯೂಯಾರ್ಕಿನಲ್ಲಿ ಕೊಲಂಬಿಯಾ ಕಂಪನಿ ಹಳೆಯ ಚರ್ಚೊಂದನ್ನು ಸ್ಟುಡಿಯೋ ಮಾಡಿಕೊಂಡಿತ್ತು, ಅಲ್ಲಿ. ಆಗ ಅವರಿಗೆ ಬರೀ 42 ವರ್ಷ. ಮರುವರ್ಷ ಜುಲೈನಲ್ಲಿ ತೀರಿಕೊಂಡರು. ಇದು ಗೊತ್ತಾದ ಮೇಲೆ ‘ಅಯ್ಯೋ ಪಾಪ’ ಅಂದುಕೊಂಡು ಮತ್ತೆ ಕೇಳಿದೆ. ಅದೂ ಸರಿಹೋಗಲಿಲ್ಲ. ಕನಿಕರದಿಂದ ಕೇಳಿದರೆ ನೋವು ಮಾತ್ರ ಕೇಳಿಸುತ್ತದೆ, ಹಾಡು ಕೇಳಿಸುವುದಿಲ್ಲ.

ದಾರಿ ಸಿಕ್ಕಿದ್ದು ಹಿಂದೂಸ್ತಾನಿ ಕೇಳುವ ಅಭ್ಯಾಸದಿಂದ. ವಿಲಂಬಿತ್ ಖಯಾಲಿನಲ್ಲಿ, ಅಂದರೆ ನಿಧಾನ ಲಯದ ಹಾಡುಗಾರಿಕೆಯಲ್ಲಿ, ತಬಲಾದ ಠೇಕಾ (ತಾಳದ ಬಡಿತ) ತನ್ನ ಪಾಡಿಗೆ ನಡೆಯುತ್ತಿರುತ್ತದೆ, ಗಾಯಕರು ಅದರ ಮೇಲೆ ತೇಲಿಕೊಂಡು ಸಮಕ್ಕೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಬರುತ್ತಾರೆ, ಅಲ್ವಾ? ಒಂದು ರಾತ್ರಿ ‘ಯೂ ಹ್ಯಾವ್ ಚೇಂಜ್ಡ್’ ಹಾಡಿಗೆ ಸುಮ್ನೆ ತೊಡೆ ಮೇಲೆ ತಾಳ ಹಾಕುತ್ತಾ ಕುಳಿತೆ. ನನ್ನ ಕೈ ಬೀಳುತ್ತಿತ್ತು, ಮಾತು ಆಮೇಲೆ ಬರುತ್ತಿತ್ತು. ಒಂದು ಸಾಲಿನಲ್ಲಿ ಕೂದಲೆಳೆಯಷ್ಟು ತಡ, ಇನ್ನೊಂದರಲ್ಲಿ ಜಾಸ್ತಿ. ಇನ್ನೇನು ತಪ್ಪಿತು ಅನ್ನುವಷ್ಟರಲ್ಲಿ ನೆಟ್ಟಗೆ ಬಂದು ಸೇರುತ್ತಿದ್ದರು. ದನಿ ಹೋಗಿತ್ತು, ಲಯ ಎಲ್ಲೂ ಹೋಗಿರಲಿಲ್ಲ. ಅದೇ ಹಾಡನ್ನು ಆ ರಾತ್ರಿ ಐದಾರು ಸಲ ಕೇಳಿದೆ.

ಮಾರನೇ ದಿನ ಹಾಡನ್ನು ಬಿಟ್ಟು ವಯಲಿನ್‌ಗಳನ್ನಷ್ಟೇ ಹಿಂಬಾಲಿಸಿದೆ. ರೇ ಎಲ್ಲಿಸ್ ಅವರ ವಾದ್ಯಸಂಯೋಜನೆಯಲ್ಲಿ ಅವು ಉದ್ದುದ್ದ ಸ್ವರ ಹಿಡಿದು ನಿಲ್ಲುತ್ತವೆ. ಮೊದಲು ಇದನ್ನೇ ನಾನು ಅತಿ ಸಿಹಿ ಅಂದುಕೊಂಡಿದ್ದೆ. ಆದರೆ ಅವು ಅಲುಗಾಡದೆ ನಿಂತಿರುವುದರಿಂದಲೇ ಹಾಲಿಡೇ ಹಿಂದೆ ಸರಿಯುವುದು, ಮುಂದೆ ಬರುವುದು ಅಷ್ಟು ಚೆನ್ನಾಗಿ ಕೇಳಿಸುತ್ತದೆ. ಚಿಕ್ಕ ತಂಡದಲ್ಲಿ ಲೆಸ್ಟರ್ ಯಂಗ್ ತಕ್ಷಣ ಉತ್ತರ ಕೊಡುತ್ತಿದ್ದರು. ಇಲ್ಲಿ ಆಗಾಗ ಒಂದು ಟ್ರೊಂಬೋನ್ (ಹಿತ್ತಾಳೆಯ ಊದುವಾದ್ಯ) ಮಾತಾಡಿಸುತ್ತದೆ, ಅಷ್ಟೇ. ಆ ದೊಡ್ಡ ವಾದ್ಯವೃಂದದ ನಡುವೆ ಅವರು ಹೆಚ್ಚು ಒಂಟಿಯಾಗಿ ಕೇಳಿಸುತ್ತಾರೆ. ಕೋರಸ್ ಮಾತ್ರ ನನಗೆ ಇವತ್ತಿಗೂ ಬೇಡವೆನಿಸುತ್ತದೆ.

ಎಲ್ಲಿಸ್ ಅವರಿಗೂ ರೆಕಾರ್ಡಿಂಗ್ ಹೊತ್ತಿಗೆ ಈ ಹಾಡುಗಾರಿಕೆ ಹಿಡಿಸಿರಲಿಲ್ಲವಂತೆ. ಕೆಲವು ವಾರ ಕಳೆದು ಮಿಕ್ಸಿಂಗ್ ಮುಗಿದ ಟೇಪ್ ಕೇಳಿದಾಗಲೇ ಅದರ ದೊಡ್ಡತನ ತಿಳಿದದ್ದು ಎಂದು ಅವರೇ ಹೇಳಿಕೊಂಡಿದ್ದಾರೆ. ಇದನ್ನು ಓದಿದ ದಿನ ನನಗೆ ಎಷ್ಟೋ ಸಮಾಧಾನವಾಯಿತು.

ಈಗಲೂ ಇಡೀ ಆಲ್ಬಮ್ಮನ್ನು ಒಂದೇ ಸಲ ಕೇಳುವುದಿಲ್ಲ. ಒಂದು ಹೊತ್ತಿಗೆ ಎರಡು ಹಾಡು ಸಾಕು. ಮೊದಲು 1930ರ ದಶಕದ್ದೊಂದು, ಆಮೇಲೆ ಇದರಿಂದ ಒಂದು. ಹೊಸದಾಗಿ ಕೇಳುವ ಗೆಳೆಯರಿಗೂ ಹೀಗೇ ಕೇಳಿಸುತ್ತೇನೆ, ತಾಳ ಹಾಕಿ ಎನ್ನುತ್ತೇನೆ. ಆಲ್ಬಮ್ಮಿನ ಮೊದಲ ಹಾಡು ‘ಐ ಆಮ್ ಎ ಫೂಲ್ ಟು ವಾಂಟ್ ಯೂ’ವನ್ನು ಮಾತ್ರ ಕೊನೆಗೆ ಉಳಿಸಿಕೊಳ್ಳುತ್ತೇನೆ. ಸ್ಟುಡಿಯೋದಲ್ಲಿ ಅದನ್ನು ತಿರುಗಿ ಹಾಕಿ ಕೇಳಿಸಿದಾಗ ಹಾಲಿಡೇ ಅವರ ಕಣ್ಣಲ್ಲಿ ನೀರಿತ್ತು ಎಂದು ಎಲ್ಲಿಸ್ ನೆನೆದಿದ್ದಾರೆ. ಆ ಹಾಡಿಗೆ ನನ್ನ ಕೈ ತಾಳ ಹಾಕುವುದಿಲ್ಲ.