ಸಿಯಾಚಿನ್ ಹತ್ತುವ ಮುನ್ನ ಬಾಯಿ ತೆರೆಸಿದಾಗ

ತುಕಡಿಗೆ ಸಿಯಾಚಿನ್ ಎಂದು ಆದೇಶ ಬಂತೆಂದರೆ ದಂತ ವಿಭಾಗದ ಮುಂದೆ ಸಾಲು ಬೆಳೆಯುತ್ತದೆ. ಸೇನೆಯ ದಂತವೈದ್ಯನಾಗಿ ಆಗ ನಾನು ಹುಡುಕುವುದು ಒಂದನ್ನೇ: ಮುಂದಿನ ವರ್ಷದೊಳಗೆ ಕೈಕೊಡುವ ಹಲ್ಲು ಯಾವುದು? ನೇಟೊ ಸೇನೆಗಳ ವರ್ಗೀಕರಣದ ತಿರುಳೂ ಇದೇ. 12 ತಿಂಗಳೊಳಗೆ ತುರ್ತು ಚಿಕಿತ್ಸೆ ಬೇಕಾಗಬಹುದಾದವನು ಅಲ್ಲಿ ಮೂರನೇ ವರ್ಗ. ತಪಾಸಣೆಯೇ ಆಗದವನು ನಾಲ್ಕನೇ ವರ್ಗ. ಅಂಟಿದ ಪಾಚಿ, ಸವೆದ ಅಂಚು ಕಾದರೂ ನಡೆಯುತ್ತದೆ.

ನನ್ನನ್ನು ಹೆಚ್ಚು ಕಾಡುವುದು ನೋವಿಲ್ಲದ ಹಲ್ಲು. ನರ ಸತ್ತಿದ್ದರೆ ತಣ್ಣೀರು ತಾಗಿದರೂ ಗೊತ್ತಾಗುವುದಿಲ್ಲ. ಅದಕ್ಕೇ ಕನ್ನಡಿಯ ಹಿಡಿಯಿಂದ ಒಂದೊಂದನ್ನೇ ತಟ್ಟುತ್ತೇನೆ. ಬಾಗಲಕೋಟೆ ಕಡೆಯ ಜವಾನನೊಬ್ಬನ ಕೆಳದವಡೆ ತಟ್ಟಿದಾಗ ಅವನ ಹುಬ್ಬು ಮಾತ್ರ ಅಲುಗಿತು. ಎಕ್ಸ್‌ರೇಯಲ್ಲಿ ನೋಡಿದರೆ ಬೇರಿನ ತುದಿಯಲ್ಲಿ ಕಪ್ಪು ಮಚ್ಚೆ, ಸೋಂಕು ಮೂಳೆ ತಿಂದ ಗುರುತು.

“ಸಾಹೇಬರೆ, ನೋವೇ ಇಲ್ಲವಲ್ಲ, ತಿರುಗಿ ಬಂದ ಮೇಲೆ ನೋಡೋಣ” ಎಂದ.

ಬೇಸ್ ಕ್ಯಾಂಪ್ ಇರುವುದೇ ಸುಮಾರು 12,000 ಅಡಿಯಲ್ಲಿ. ಮೇಲಿನ ಎಷ್ಟೋ ಠಾಣೆಗಳು 18,000 ಅಡಿ ದಾಟಿವೆ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಹೆಚ್ಚುಕಡಿಮೆ ಅರ್ಧ. ಹಲ್ಲಿನೊಳಗೆ ಸಿಕ್ಕಿಕೊಂಡ ಅನಿಲ ಹಿಗ್ಗಿದರೆ ಕೆಳಗೆ ತೆಪ್ಪಗಿದ್ದ ಹಲ್ಲು ಅಲ್ಲಿ ನೋವಿನಿಂದ ಸಿಡಿಯತೊಡಗುತ್ತದೆ. ರೋಗಿಯನ್ನು ಇಳಿಸಲು ಹೆಲಿಕಾಪ್ಟರ್ ಬರಬೇಕು, ಅದು ಬರಲು ಹವೆ ತಿಳಿಯಾಗಬೇಕು.

ಉಳಿಸುವುದೋ ಕೀಳುವುದೋ ಎಂಬುದು ಹೊರಡುವ ದಿನದ ಮೇಲೆ ನಿಂತಿದೆ. ವಾರಗಳಿದ್ದರೆ ರೂಟ್ ಕೆನಾಲ್ ಪೂರ್ತಿ ಮುಗಿಸಿ ಗಟ್ಟಿ ಫಿಲ್ಲಿಂಗ್ ಹಾಕುತ್ತೇನೆ. ತಾತ್ಕಾಲಿಕ ಸಿಮೆಂಟ್ ಮೆತ್ತಿ ಕಳಿಸುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಅದು ಸೋರಿದರೆ ಸೋಂಕು ಮತ್ತೆ ಒಳಹೊಕ್ಕಂತೆಯೇ. ಕಿತ್ತರೆ ಗಾಯ ಮಾಯಲು ಬಿಡುವು ಬೇಕು. ಮೇಲ್ದವಡೆಯ ಹಿಂದಿನ ಹಲ್ಲಾದರೆ ಇನ್ನೂ ಎಚ್ಚರ, ಬೇರು ಕೆನ್ನೆಯ ಮೂಳೆಯೊಳಗಿನ ಗಾಳಿಪೊಳ್ಳಾದ ಸೈನಸ್ಸಿಗೆ ತಾಗಿಕೊಂಡಂತಿರುತ್ತದೆ.

ಅರ್ಧ ಮೂಡಿದ ಬುದ್ಧಿಹಲ್ಲು ಇನ್ನೊಂದು ಶನಿ. ವಸಡಿನ ಮಡಿಕೆಯಲ್ಲಿ ಅನ್ನದಗುಳು ಸಿಕ್ಕಿ ಕೊಳೆತು, ಬಾಯಿ ತೆರೆಯಲಾಗದಷ್ಟು ಬಾವು ಬರುತ್ತದೆ. ಹಿಂದೆ ಬಾವು ಬಂದಿತ್ತು ಎಂದವನ ಹಲ್ಲನ್ನು ತೆಗೆಯುತ್ತೇನೆ. ಮೂಳೆಯೊಳಗೆ ಹುದುಗಿ, ಎಂದೂ ತಂಟೆ ಮಾಡದ್ದನ್ನು ಮುಟ್ಟುವುದಿಲ್ಲ.

ಬಾಗಲಕೋಟೆಯವನು ಗೊಣಗುತ್ತಲೇ ರೂಟ್ ಕೆನಾಲ್ ಮಾಡಿಸಿಕೊಂಡ. ಖೈನಿ ಬಿಡಿ ಎಂದು ಗಂಟಲು ಹರಿದುಕೊಳ್ಳುವುದನ್ನು ನಾನು ಕಡಿಮೆ ಮಾಡಿದ್ದೇನೆ, ಕೇಳುವವರು ವಿರಳ. ಪೇಸ್ಟಿನ ಟ್ಯೂಬನ್ನು ಒಳಜೇಬಿನಲ್ಲಿಟ್ಟುಕೊಳ್ಳಿ, ಹೊರಗಿಟ್ಟರೆ ಕಲ್ಲಾಗುತ್ತದೆ ಎಂದರೆ ಮಾತ್ರ ಎಲ್ಲರೂ ಕಿವಿಗೊಡುತ್ತಾರೆ.