ಯಹೂದಿಗಳ ನರಮೇಧದ ಸ್ಮರಣೆ: ಮುಂಬಯಿಯ ಕನ್ನಡ ಸಂಘಗಳಿಗೆ, ರಾತ್ರಿಶಾಲೆಗಳಿಗೆ

ಹಿಟ್ಲರನ ನಾಜಿ ಆಡಳಿತ ಪೋಲೆಂಡಿನಲ್ಲಿ ನಡೆಸುತ್ತಿದ್ದ ಆಶ್ವಿಟ್ಸ್ ಎಂಬ ಸಾವಿನ ಶಿಬಿರ 1945ರ ಜನವರಿ 27ರಂದು ಬಿಡುಗಡೆಯಾಯಿತು. ಆ ದಿನವನ್ನೇ ವಿಶ್ವಸಂಸ್ಥೆ 2005ರಲ್ಲಿ ಸ್ಮರಣದಿನವೆಂದು ಗೊತ್ತುಮಾಡಿತು. ಗಣರಾಜ್ಯೋತ್ಸವದ ಮರುದಿನ ಬರುವ ಇದನ್ನು ಆಚರಿಸಬಯಸುವವರು ದೀಪಾವಳಿ ಮುಗಿದೊಡನೆ ಅಧ್ಯಯನ ಆರಂಭಿಸಬೇಕು. ನಾಜಿಗಳೂ ಅವರ ಸಹಚರರೂ ಕೊಂದ ಯಹೂದಿಗಳು ಸುಮಾರು 60 ಲಕ್ಷ. ವೇದಿಕೆಯಿಂದ ಈ ಸಂಖ್ಯೆಯನ್ನಷ್ಟೇ ಹೇಳಿದರೆ ಅದು ಸಭೆಯ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ಒಂದೇ ಕುಟುಂಬವನ್ನು ಆರಿಸಿ, ಅದರ ಬದುಕನ್ನು ದಾಖಲೆಗಳಿಂದ ತಿಳಿಯಿರಿ.

ಜೆರುಸಲೇಮಿನ ಯಾದ್ ವಾಶೆಮ್ ಸಂಸ್ಥೆಯ ಹೆಸರುಗಳ ಭಂಡಾರ ಮತ್ತು ಜರ್ಮನಿಯ ಆರೋಲ್ಸನ್ ದಾಖಲೆ ಸಂಗ್ರಹ, ಇವೆರಡನ್ನೂ ಅಂತರ್ಜಾಲದಲ್ಲಿ ಉಚಿತವಾಗಿ ನೋಡಬಹುದು. ಹುಡುಕುವಾಗ ಊರಿನ ಎಲ್ಲ ಹೆಸರುಗಳನ್ನೂ ಪ್ರಯತ್ನಿಸಿ: ಇಂದು ಉಕ್ರೇನಿನಲ್ಲಿರುವ ಲ್ವೀವ್ ಯುದ್ಧಕ್ಕೆ ಮುಂಚೆ ಪೋಲೆಂಡಿನಲ್ಲಿತ್ತು, ಜರ್ಮನರ ಕಡತಗಳಲ್ಲಿ ಅದು ಲೆಂಬೆರ್ಗ್. ಸತ್ತವರ ಬಗೆಗಿನ ಯಾದ್ ವಾಶೆಮ್‌ನ ಸಾಕ್ಷ್ಯಪತ್ರಗಳನ್ನು ಬಂಧುಗಳು, ಪರಿಚಿತರು ನೆನಪಿನಿಂದ ತುಂಬಿರುವುದರಿಂದ, ಅಲ್ಲಿನ ವಯಸ್ಸು, ತಾರೀಖುಗಳನ್ನು ಶಿಬಿರಗಳಿಗೆ ಸಾಗಿಸಲಾದವರ ಪಟ್ಟಿಗಳೊಡನೆ ತಾಳೆ ನೋಡಬೇಕು. ಕಾಗದ ಸಿಗದಿದ್ದರೆ ಘಟನೆಯನ್ನೇ ಸಂಶಯಿಸಬಾರದು. ಆಶ್ವಿಟ್ಸ್‌ನಲ್ಲಿ ರೈಲಿನಿಂದ ಇಳಿದೊಡನೆ ಅನಿಲಕೋಣೆಗೆ ಕಳುಹಿಸಲ್ಪಟ್ಟವರನ್ನು ಶಿಬಿರದ ದಫ್ತರದಲ್ಲಿ ನೋಂದಾಯಿಸುತ್ತಲೇ ಇರಲಿಲ್ಲ. ಕೀವ್ ಬಳಿಯ ಬಾಬಿ ಯಾರ್ ಕಮರಿಯಲ್ಲಿ 1941ರ ಸೆಪ್ಟೆಂಬರ್ 29 ಮತ್ತು 30ರಂದು ಗುಂಡಿಕ್ಕಿ ಕೊಂದ 33,771 ಜನರ ಲೆಕ್ಕ ನಮಗೆ ತಿಳಿದಿರುವುದು ಕೊಂದವರ ವರದಿಯಿಂದಲೇ.

ಮುಂಬಯಿಯ ನಂಟನ್ನೂ ಹೇಳಿ, ಆದರೆ ಹಿಗ್ಗಿಸಬೇಡಿ. ಬಹುಕಾಲದಿಂದ ಇಲ್ಲೇ ನೆಲೆಸಿದ್ದ ಕೊಂಕಣದ ಯಹೂದಿಗಳಾದ ಬೆನೆ ಇಸ್ರೇಲರ ಇತಿಹಾಸ ಬೇರೆ. ಕಾಲಾ ಘೋಡಾದ ಕೆನೆಸೆತ್ ಎಲಿಯಾಹೂ ಎಂಬ ಯಹೂದಿ ಪ್ರಾರ್ಥನಾಮಂದಿರವೂ ನಾಜಿಗಳಿಗಿಂತ ಬಹಳ ಮುಂಚೆ, 1884ರಲ್ಲೇ ಎದ್ದದ್ದು. ನಾಜಿ ಯುರೋಪಿನಿಂದ ತಪ್ಪಿಸಿಕೊಂಡು ಬಂದವರಿಗಾಗಿ ಯಹೂದಿ ಪರಿಹಾರ ಸಂಘವೊಂದು ಈ ನಗರದಲ್ಲಿ 1934ರಲ್ಲಿ ಹುಟ್ಟಿತು. ಅದೇ ವರ್ಷ ಇಲ್ಲಿಗೆ ಬಂದ ಯಹೂದಿ ಸಂಗೀತಗಾರ ವಾಲ್ಟರ್ ಕೌಫ್‌ಮನ್ ನಮ್ಮ ಹಿರಿಯರು ಬೆಳಗಿನಲ್ಲಿ ಕೇಳುತ್ತಿದ್ದ ಆಕಾಶವಾಣಿಯ ಸಂಕೇತಧ್ವನಿಯ ಕರ್ತೃವೆಂದು ಪ್ರಸಿದ್ಧರು. ಬದುಕುಳಿದ ಇಂಥವರ ಕಥೆ ಸತ್ತವರ ಕಥೆಯನ್ನು ಮರೆಮಾಡದಂತೆ ನೋಡಿಕೊಳ್ಳಿ.

ಕಾರ್ಯಕ್ರಮದಲ್ಲಿ ಶಿಬಿರದ ಅಣಕು ದೃಶ್ಯ ಬೇಡವೇ ಬೇಡ. ಮಕ್ಕಳಿಗೆ ಕೈದಿಯ ವೇಷ ತೊಡಿಸುವುದು ಸತ್ತವರಿಗೆ ಮಾಡುವ ಅಗೌರವವೆಂದು ನಾನು ದೃಢವಾಗಿ ನಂಬುತ್ತೇನೆ. ಹೆಣಗಳ ಚಿತ್ರಗಳ ಬದಲು ಆ ಕುಟುಂಬದ ಶಾಲೆ, ಅಂಗಡಿ, ಮದುವೆಯ ಚಿತ್ರಗಳಿರಲಿ. ಹೆಸರು, ಊರು, ವಯಸ್ಸನ್ನು ನಿಧಾನವಾಗಿ ಓದಿ, ಉಚ್ಚಾರಣೆಯನ್ನು ಮೊದಲೇ ಅಭ್ಯಾಸ ಮಾಡಿ. ಓದಿದ ಬರಹದ ಪ್ರತಿಯೊಂದು ವಿವರಕ್ಕೂ ಎದುರಿನಲ್ಲೇ ಆಕರವನ್ನು ಗುರುತಿಸಿ, ಮುಂದಿನ ವರ್ಷದವರು ತಿದ್ದಿ ಮುಂದುವರಿಸಲು ಸಂಘದ ಗ್ರಂಥಾಲಯದಲ್ಲಿ ಇರಿಸಿ.